ಶೈನಿಗೊಂದು ಗೋಧಿಯಿಲ್ಲದ ಮೊಟ್ಟೆ

ಚನ್ನಗಿರಿಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ವಿಜ್ಞಾನ ಪಾಠ ಮಾಡುತ್ತಿರುವ ನಾನು ಒಂದು ಚಾಕಲೇಟು ಮಾಡಲಾರೆನೇ? ಬಿಸಿ ಮಾಡಿದರೆ ದ್ರವ, ತಣ್ಣಗೆ ಮಾಡಿದರೆ ಘನ, ನಡುವೆ ಸ್ವಲ್ಪ ಗಾಳಿ ಸೇರಿಸಿದರೆ ಗುಳ್ಳೆ ಚಾಕಲೇಟು. ಇಷ್ಟೇ ವಿಷಯ. ಹೀಗೆಂದು ನನ್ನ ಹೆಂಡತಿ ಗಿರಿಜೆಗೆ ವಿವರಿಸಿದಾಗ ಅವಳು ಹುಣಸೆಹಣ್ಣಿನ ಬೀಜ ತೆಗೆಯುತ್ತಾ ಕೂತಿದ್ದಳು.

"ಒಂದು ಲೋಟ ಹಾಲು ಕಾಯ್ಸಾಕೆ ಹೋಗಿ ಒಲೆ ಆರಿಸಿದೋರು ನೀವು" ಎಂದಳು.

ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ ಇದನ್ನು ಬರೆಯುವ ಸಂದರ್ಭವೇ ಬರುತ್ತಿರಲಿಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಗ್ರೇಸಿ ಸಿಸ್ಟರ್ ಇದ್ದಾರೆ. ಆಸ್ಪತ್ರೆಯಲ್ಲಿ ನರ್ಸು. ಮಗಳು ಶೈನಿ ಮೂರನೇ ಕ್ಲಾಸು. ಆ ಮಗುವಿಗೆ ಗೋಧಿ ಆಗುವುದಿಲ್ಲ. ಗೋಧಿ, ಮೈದಾ, ರವೆ, ಶಾವಿಗೆ ಯಾವುದನ್ನೂ ಜನ್ಮಪೂರ್ತಿ ಮುಟ್ಟಬಾರದೆಂದು ಡಾಕ್ಟರು ಹೇಳಿದ್ದಾರೆ. ಒಂದು ಚೂರು ಹೊಟ್ಟೆಗೆ ಹೋದರೂ ಮೂರು ದಿನ ಮಲಗಿಬಿಡುತ್ತಾಳೆ.

ಹೋದ ವರ್ಷ ಈಸ್ಟರ್ ಹಬ್ಬಕ್ಕೆ ಅವಳ ಚಿಕ್ಕಮ್ಮ ಮಂಗಳೂರಿನಿಂದ ದೊಡ್ಡದೊಂದು ಚಾಕಲೇಟ್ ಮೊಟ್ಟೆ ತಂದಿದ್ದರು. ಹೆಸರಿಗೆ, ಆಕಾರಕ್ಕೆ ಮಾತ್ರ ಮೊಟ್ಟೆ. ಗ್ರೇಸಿ ಸಿಸ್ಟರ್ ಡಬ್ಬಿಯ ಹಿಂದಿದ್ದ ಸಣ್ಣ ಅಕ್ಷರ ಓದಿ, ಒಳಗೆ ಬಿಸ್ಕತ್ತಿನ ಪುಡಿ ಇದೆಯೆಂದು ಮಗಳಿಗೆ ಹೇಳಿದರು. ಶೈನಿ ಅಳಲಿಲ್ಲ. ಮೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಮ್ಮ ಮನೆಗೆ ಬಂದಳು.

"ನೀವು ತಿನ್ನಿ ಅಂಕಲ್. ಹೆಂಗೈತೆ ಹೇಳಿ."

ನಾನು ಜಗುಲಿಯ ಮೇಲೆ ಕೂತು ಪೂರ್ತಿ ತಿಂದೆ. ತಿಂದದ್ದಲ್ಲದೆ ಪಾಠದ ರೀತಿಯಲ್ಲಿ ವಿವರಿಸಿದೆ ಕೂಡ. ಒಳಗೆ ಪುಟ್ಟ ಪುಟ್ಟ ಗುಳ್ಳೆಗಳಿವೆ, ನಾಲಿಗೆಯ ಮೇಲೆ ಒಂದೊಂದೇ ಒಡೆಯುತ್ತವೆ, ಕೊನೆಗೆ ಪುದೀನದ ತಂಪು ಗಂಟಲಿಗೆ ಇಳಿಯುತ್ತದೆ ಎಂದೆಲ್ಲ. ಅವಳು ನನ್ನ ಬಾಯನ್ನೇ ನೋಡುತ್ತಾ ನಾನು ನುಂಗಿದಾಗಲೆಲ್ಲ ತಾನೂ ನುಂಗುತ್ತಿದ್ದಳು. ಅದನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಆ ನಾಚಿಕೆಯಿಂದಲೇ ಈ ವರ್ಷ ಮಾತು ಕೊಟ್ಟೆ. "ಈ ಸಲ ಗೋಧಿ ಇಲ್ಲದ ಮೊಟ್ಟೆ ತಂದು ಕೊಡ್ತೀನಿ" ಎಂದೆ.

"ಗುಳ್ಳೆ ಇರುತ್ತಾ ಅಂಕಲ್?"

"ಇರುತ್ತೆ."

"ಪುದೀನ ತಂಪು?"

"ಅದೂ ಇರುತ್ತೆ." ಕೇಳಿದ್ದರೆ ಒಳಗೆ ಸಂಗೀತವೂ ಇರುತ್ತದೆ ಎನ್ನುತ್ತಿದ್ದೆನೇನೋ.

ಮೊದಲು ಅಂಗಡಿಗಳನ್ನು ಹುಡುಕಿದೆ. ನಮ್ಮೂರ ಬೇಕರಿಯವನು ನನ್ನ ಹಳೆಯ ವಿದ್ಯಾರ್ಥಿ. "ಗೋಧಿ ಬ್ಯಾಡ ಅಲ್ವಾ ಸರ್? ನಮ್ಮಂಗ್ಡೀಲಿ ಗೋಧಿ ಹಾಕಾದೇ ಇಲ್ಲ. ಎಲ್ಲಾ ಮೈದಾನೇ" ಎಂದು ಅಭಯ ನೀಡಿದ. ಮೈದಾ ಎಲ್ಲಿಂದ ಬರುತ್ತದಪ್ಪಾ ಎಂದು ಕೇಳಿದೆ. "ದಾವಣಗೆರೆಯಿಂದ ಸರ್" ಎಂದ. ನಾನು ಕಲಿಸಿದ ವಿಜ್ಞಾನದ ಫಲವನ್ನು ಕಣ್ಣಾರೆ ಕಂಡು ಅಲ್ಲಿಂದ ಬೈಕಿನಲ್ಲಿ ಹೊನ್ನಾಳಿಗೆ ಹೋದೆ. ಅಲ್ಲಿನ ಬೇಕರಿಯವರು ನನ್ನ ಹಣೆಯ ವಿಭೂತಿ ನೋಡಿ ದನಿ ತಗ್ಗಿಸಿ, "ಮೊಟ್ಟೆ ಹಾಕದೇ ಇರೋ ಕೇಕ್ ಐತೆ, ಧೈರ್ಯವಾಗಿ ತಗಳ್ರಿ" ಎಂದರು. ನನಗೆ ಮೊಟ್ಟೆಯೇ ಬೇಕು, ಗೋಧಿ ಬೇಡ ಎಂದೆ. ಅವರು ವಿಭೂತಿಯನ್ನು ಇನ್ನೊಮ್ಮೆ ನೋಡಿದರು. ನ್ಯಾಮತಿಯ ಮಿತ್ರನಿಗೆ ಫೋನ್ ಮಾಡಿದರೆ, ಅಲ್ಲಿ ಚಾಕಲೇಟು ಬೇಕಾದಷ್ಟಿದೆ, ಮೊಟ್ಟೆಯೂ ಬೇಕಾದಷ್ಟಿದೆ, ಎರಡೂ ಸೇರಿದ್ದು ಮಾತ್ರ ಇಲ್ಲ ಎಂದ.

ಹಾಗಾಗಿ ಹಬ್ಬಕ್ಕೆ ಎರಡು ದಿನ ಇರುವಾಗ ನಾನೇ ಮಾಡುವ ತೀರ್ಮಾನಕ್ಕೆ ಬಂದೆ. ಗೋಧಿ ಇಲ್ಲದ ಚಾಕಲೇಟ್ ಗಟ್ಟಿಗಳನ್ನು ಗ್ರೇಸಿ ಸಿಸ್ಟರ್ ಅವರೇ ಹೆಸರು ಬರೆದುಕೊಟ್ಟು ತರಿಸಿದರು. ನಾನು ನಮ್ಮ ಅಡುಗೆಮನೆಯನ್ನು ಗೋಧಿಮುಕ್ತ ಪ್ರದೇಶವೆಂದು ಘೋಷಿಸಿ, ಹಿಟ್ಟಿನ ಡಬ್ಬಿ, ರವೆ, ಶಾವಿಗೆ ಎಲ್ಲವನ್ನೂ ಅಟ್ಟಕ್ಕೆ ಏರಿಸಿದೆ. ಕಟ್ಟೆಯನ್ನು ಮೂರು ಸಲ ಒರೆಸಿದೆ. ಕೆರೆಬಿಳಚಿಯ ಮದುವೆ ಮನೆಯಿಂದ ಬಂದ ಒಂದು ಡಬ್ಬಿ ಮಾದಲಿ ಉಳಿದಿತ್ತು. ಗೋಧಿ ರೊಟ್ಟಿಯನ್ನು ಪುಡಿ ಮಾಡಿ ಬೆಲ್ಲ, ಕೊಬ್ಬರಿ, ಗಸಗಸೆ ಬೆರೆಸಿದ ಮಾದಲಿ ಎಂದರೆ ನಮ್ಮ ಅವ್ವನಿಗೆ ಪ್ರಾಣ. ಅದನ್ನು ಅವಳ ಕೋಣೆಗೇ ಒಯ್ದು, "ಇದು ನಿನ್ ಹತ್ರಾನೇ ಇರ್ಲಿ ಅವ್ವಾ" ಎಂದು ಕೈಗೆ ಕೊಟ್ಟೆ. ನೆನಪಿಡಿ, ನಾನೇ ಕೊಟ್ಟೆ.

ಅವ್ವನಿಗೆ ಎಂಬತ್ತು ದಾಟಿದೆ. ಮನೆಯೊಳಗೆ ಮೊಟ್ಟೆಯ ಹೆಸರು ಎತ್ತಿದರೂ ಊಟ ಬಿಡುವವಳು. ನಾನು ಸಾರಿನ ಸೌಟುಗಳೆರಡನ್ನು ಅಚ್ಚಾಗಿ ಇಟ್ಟುಕೊಂಡು ಚಾಕಲೇಟು ಕರಗಿಸುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತಳು.

"ಏನ್ ಮಾಡಾಕೆ ಹತ್ತೀಯೋ?"

ನಿಜ ಹೇಳುವ ಧೈರ್ಯ ನನ್ನಲ್ಲಿರಲಿಲ್ಲ. "ಕರ್ಜಿಕಾಯಿ ಅವ್ವಾ" ಎಂದೆ. "ಹೊಸ ನಮೂನೆದು. ಪಕ್ಕದ ಮನೆ ಹುಡುಗಿಗೆ."

"ಎಣ್ಣೆ ಎಲ್ಲೈತೆ?"

"ಎಣ್ಣೆ ಬ್ಯಾಡ. ಫ್ರಿಜ್‌ನಾಗೆ ಆಗುತ್ತೆ."

ಅವ್ವ ನನ್ನನ್ನು ಕನಿಕರದಿಂದ ನೋಡಿ ಹೊರಟುಹೋದಳು.

ಮೊದಲು ಪುದೀನ. ಸಂತೆಯಿಂದ ಒಂದು ಕಟ್ಟು ತಂದು, ನೀರು ಹಾಕಿ ನುಣ್ಣಗೆ ರುಬ್ಬಿ, ಕರಗಿದ ಚಾಕಲೇಟಿಗೆ ಸುರಿದೆ. ಕಣ್ಣೆದುರಿಗೇ ಆ ದ್ರವವು ಮುದ್ದೆಯಾಗಿ ಸೌಟನ್ನು ಹಿಡಿದುಕೊಂಡಿತು. ಹೀಗಾಗುವುದು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ.

"ಉಪ್ಪು, ಹಸಿಮೆಣಸಿನಕಾಯಿ ಹಾಕಿದ್ರೆ ದೋಸೆಗೆ ಆಗುತ್ತೆ ನೋಡ್ರಿ" ಎಂದಳು ಗಿರಿಜೆ.

"ಬಿಸಾಕು ಅದನ್ನ" ಎಂದು ಗದರಿದೆ. ತಂಪಿಗೆ ಬಿಳಿ ಪೆಪ್ಪರಮೆಂಟನ್ನು ಪುಡಿ ಮಾಡಿದರಾಯಿತು ಎಂದು ಹೊಸದಾಗಿ ಚಾಕಲೇಟು ಕರಗಿಸಿದೆ.

ಇನ್ನು ಗುಳ್ಳೆ. ಸೈಕಲ್ ಪಂಪನ್ನು ತೊಳೆದು, ಒಣಗಿಸಿ, ಅದರ ಕೊಳವೆಯನ್ನು ಪಾತ್ರೆಯೊಳಗೆ ಬಿಟ್ಟು ಒಂದೇ ಒಂದು ಸಲ ಒತ್ತಿದೆ. ಗಾಳಿ ಚಾಕಲೇಟಿನೊಳಗೆ ಹೋಗಲಿಲ್ಲ. ಚಾಕಲೇಟೇ ಗಾಳಿಗೆ ಬಂತು. ಗೋಡೆ, ಕ್ಯಾಲೆಂಡರು, ನನ್ನ ಕನ್ನಡಕ, ಗಿರಿಜೆಯ ಇಸ್ತ್ರಿ ಮಾಡಿದ ಸೀರೆ ಎಲ್ಲದರ ಮೇಲೂ ಸಮಾನವಾಗಿ ಹಂಚಿಕೆಯಾಯಿತು. ಗಿರಿಜೆ ಒರೆಸುವ ಬಟ್ಟೆಯನ್ನು ತಂದು ನನ್ನ ಕೈಗಿಟ್ಟಳು.

ಉಳಿದ ಚಾಕಲೇಟಿಗೆ ಅಡುಗೆ ಸೋಡ ಹಾಕಿದೆ. ಮನಸ್ಸಿಗೆ ತೃಪ್ತಿಯಾಗುವಷ್ಟು ಹಾಕಿದೆ. ಒಂದು ಚಮಚ ಬಾಯಿಗಿಟ್ಟರೆ ಬಟ್ಟೆ ಸೋಪಿನ ರುಚಿ ಬಂತು. ಅದನ್ನು ಮರೆಮಾಡಲು ಇನ್ನಷ್ಟು ಪೆಪ್ಪರಮೆಂಟು ಹಾಕಿದೆ. ಈಗ ಸೋಪಿನ ಜೊತೆಗೆ ಟೂತ್‌ಪೇಸ್ಟೂ ಸೇರಿತು. ಆದರೂ ಕಡಗೋಲಿನಿಂದ ಕೈ ಸೋಲುವವರೆಗೆ ಕಡೆದು, ಸೌಟುಗಳ ಒಳಮೈಗೆ ಬಳಿದು, ಫ್ರಿಜ್ಜಿನಲ್ಲಿಟ್ಟೆ. ಸಂಜೆ ಬಿಡಿಸಿದಾಗ ಎರಡು ಬಟ್ಟಲುಗಳು ಬಂದವು. ಭೂತಗನ್ನಡಿ ಹಿಡಿದು ನೋಡಿದೆ. ಹನ್ನೊಂದು ಗುಳ್ಳೆಗಳಿದ್ದವು. ಅದರಲ್ಲಿ ನಾಲ್ಕು ಸೌಟಿನ ನೆಗ್ಗುಗಳೆಂದು ಗಿರಿಜೆ ತಕರಾರು ತೆಗೆದಳು.

ಹಬ್ಬದ ಬೆಳಿಗ್ಗೆ ಸ್ನಾನ ಮುಗಿಸಿ, ಎರಡು ಭಾಗಗಳನ್ನು ಅಂಟಿಸೋಣವೆಂದು ಫ್ರಿಜ್ ತೆಗೆದರೆ ಅವು ಆಗಲೇ ಒಂದಾಗಿ ಕೂತಿದ್ದವು. ಅಂಚು ಸೊಗಸಾಗಿ ಅಂಟಿತ್ತು. ಸುತ್ತಲೂ ಉಗುರಿನಿಂದ ಒತ್ತಿದ ಸಣ್ಣ ನೆರಿಗೆಗಳೂ ಇದ್ದವು. ಗಿರಿಜೆಯ ಕೈಚಳಕ ಎಂದುಕೊಂಡೆ. ಗಿರಿಜೆ ನನ್ನದು ಎಂದುಕೊಂಡಿದ್ದಳಂತೆ. ಒಬ್ಬರನ್ನೊಬ್ಬರು ಹೊಗಳುವ ಅಭ್ಯಾಸ ನಮ್ಮಲ್ಲಿದ್ದಿದ್ದರೆ ವಿಷಯ ಅಲ್ಲೇ ಹೊರಬೀಳುತ್ತಿತ್ತು. ಮೊಟ್ಟೆ ಸ್ವಲ್ಪ ಭಾರವೆನಿಸಿತು. ಗಾಳಿಗೂ ತೂಕವಿದೆ ಎಂದು ಪಾಠ ಮಾಡಿದವನು ನಾನು. ಗುಳ್ಳೆಗಳದ್ದಿರಬೇಕೆಂದು ಬಂಗಾರದ ಬಣ್ಣದ ಕಾಗದ ಸುತ್ತಿದೆ.

ಚರ್ಚಿನಿಂದ ಗ್ರೇಸಿ ಸಿಸ್ಟರ್ ಮನೆಯವರು ಮರಳಿದ ಮೇಲೆ ಪಕ್ಕದ ಮನೆಗೆ ಹೊರಟೆವು. ಎಂದೂ ಹೊಸಿಲು ದಾಟದ ಅವ್ವ ಅಂದು ತಾನೂ ಬರುತ್ತೇನೆಂದು ಹಟ ಹಿಡಿದಳು. ಶೈನಿ ಬಿಳಿ ಫ್ರಾಕು ತೊಟ್ಟು ಬಾಗಿಲಲ್ಲೇ ಕಾಯುತ್ತಿದ್ದಳು. ಮಂಗಳೂರಿನ ಚಿಕ್ಕಮ್ಮನೂ ಇದ್ದರು. ನಾನು ಮೊಟ್ಟೆಯನ್ನು ಎತ್ತಿ ಹಿಡಿದು ಪ್ರಕಟಣೆ ಹೊರಡಿಸಿದೆ: "ಇದರಲ್ಲಿ ಗೋಧಿಯ ಒಂದು ಕಣವೂ ಇಲ್ಲವೆಂದು ನಾನು ಖುದ್ದಾಗಿ ಖಾತ್ರಿ ಕೊಡುತ್ತೇನೆ."

ಶೈನಿ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಸರಸರ ಎಂದಿತು.

"ಅಂಕಲ್, ಒಳಗೇನೋ ಐತೆ."

"ಗುಳ್ಳೆ" ಎಂದೆ.

ಅವಳು ತಟ್ಟೆಯಲ್ಲಿಟ್ಟು ಚಮಚದಿಂದ ಒಡೆದಳು. ತಟ್ಟೆಯ ತುಂಬ ಕಂದು ಬಣ್ಣದ ಪುಡಿ ಸುರಿಯಿತು. ಏಲಕ್ಕಿಯ ಘಮ ಬಂತು. ಗಸಗಸೆ, ಕೊಬ್ಬರಿ ಎಲ್ಲ ಕಂಡವು.

ಅವ್ವ ಹಿಗ್ಗಿ ಮುಂದೆ ಬಂದಳು. "ಕರ್ಜಿಕಾಯಿ ಮಾಡ್ಯಾನೆ, ಒಳಗೆ ಹೂರಣ ಹಾಕಾದೇ ಮರ್ತಾನೆ. ಹಬ್ಬದ ದಿನ ಮಗೀಗೆ ಖಾಲಿ ಹೆಂಗೆ ಕೊಡಾದು? ಡಬ್ಬಿ ನನ್ ಹತ್ರಾನೇ ಇತ್ತಲ್ಲ, ತುಂಬಿ, ಅಂಚು ಬೆಚ್ಚಗೆ ಮಾಡಿ ಒತ್ತಿದೆ. ಮಾದಲಿ ಕಣವ್ವಾ, ತಿನ್ನು."

ಗ್ರೇಸಿ ಸಿಸ್ಟರ್ ಮಗಳ ಬಾಯಿಗೆ ಹೊರಟಿದ್ದ ಚಮಚವನ್ನು ಗಬಕ್ಕನೆ ಹಿಡಿದರು. "ಏನೂ ಹೋಗಿಲ್ಲ ಸರ್, ಗಾಬರಿಯಾಗ್ಬೇಡಿ" ಎಂದು ನನಗೇ ಸಮಾಧಾನ ಹೇಳಿ, ಮಗಳ ಕೈ ತೊಳೆಸಿದರು. ವಿಷಯ ತಿಳಿದ ಅವ್ವ ಅಲ್ಲೇ ಕುರ್ಚಿಯ ಮೇಲೆ ಕುಸಿದು, "ನಂಗೊಂದ್ ಮಾತು ಹೇಳ್ಬಾರ್ದೇನೋ" ಎಂದಳು. ತಪ್ಪು ಅವಳದ್ದಲ್ಲ, ಸುಳ್ಳು ಹೇಳಿದ ನನ್ನದು.

ಶೈನಿ ಈ ವರ್ಷವೂ ಅಳಲಿಲ್ಲ. ದೂರದಲ್ಲೇ ನಿಂತು ತಟ್ಟೆಯತ್ತ ಬೆರಳು ಮಾಡಿದಳು.

"ಪರ್ವಾಗಿಲ್ಲ ಅಂಕಲ್. ನೀವೇ ತಿನ್ನಿ. ಹೆಂಗೈತೆ ಹೇಳಿ."

ತಿಂದೆ. ಸೋಪು, ಟೂತ್‌ಪೇಸ್ಟು, ಮಾದಲಿ. ಹೋದ ವರ್ಷ ಅಷ್ಟು ಹರಿದ ನನ್ನ ನಾಲಿಗೆಗೆ ಈಗ ಒಂದು ಪದವೂ ಸಿಗಲಿಲ್ಲ. ಅವಳು ಕಾಯುತ್ತಿದ್ದಳು.

ಅಷ್ಟರಲ್ಲಿ ಗಿರಿಜೆ ಮನೆಗೆ ಹೋಗಿ ಒಂದು ಸ್ಟೀಲ್ ಡಬ್ಬಿ ಹಿಡಿದು ಬಂದಳು. ಒಳಗೆ ಮೊಟ್ಟೆಯಾಕಾರದ ಪುಟ್ಟ ಪುಟ್ಟ ಉಂಡೆಗಳಿದ್ದವು. ನಾನು ಬಿಸಾಕು ಎಂದು ಗದರಿದ್ದ ಪುದೀನ ಮುದ್ದೆಗೆ ಬಿಸಿ ಹಾಲು, ಬೆಣ್ಣೆ, ಸಕ್ಕರೆ ಸೇರಿಸಿ ಮಗುಚಿ, ತಣ್ಣಗೆ ಮಾಡಿ ಕಟ್ಟಿದ್ದಳು.

"ಗೋಧಿ ಅಟ್ಟದ ಮ್ಯಾಲಿದ್ದಾಗ ಮಾಡಿದ್ದು ಸಿಸ್ಟರ್. ಹಾಲು, ಬೆಣ್ಣೆ, ಸಕ್ಕರೆ ಬಿಟ್ಟು ಬೇರೇನೂ ಹಾಕಿಲ್ಲ" ಎಂದಳು.

ಗ್ರೇಸಿ ಸಿಸ್ಟರ್ ಒಂದನ್ನು ಮುರಿದು, ಮೂಸಿ, ಅವ್ವನ ಕಡೆಗೊಮ್ಮೆ ನೋಡಿ, ತಲೆಯಾಡಿಸಿದರು. ಶೈನಿ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. ನಾನು ಅವಳ ಬಾಯನ್ನೇ ನೋಡುತ್ತಿದ್ದೆ. ಅವಳು ನುಂಗಿದಾಗ ನಾನೂ ನುಂಗಿದೆ.

"ಹೆಂಗೈತೆ?" ಎಂದು ಈ ಸಲ ನಾನು ಕೇಳಿದೆ.

"ಗುಳ್ಳೆ ಇಲ್ಲ ಅಂಕಲ್. ಆದ್ರೆ ಮೊದ್ಲು ಮೆತ್ತಗೆ ಐತೆ, ಆಮೇಲೆ ಕರಗುತ್ತೆ, ಆಮೇಲೆ ಇಲ್ಲಿ ತಣ್ಣಗಾಗುತ್ತೆ" ಎಂದು ಗಂಟಲು ಮುಟ್ಟಿ ತೋರಿಸಿದಳು. ಇನ್ನೆರಡು ತೆಗೆದುಕೊಂಡಳು. "ಇದು ನೀವು ಮಾಡಿದ್ದಾ?"

ಎಲ್ಲರೂ ನನ್ನ ಕಡೆ ನೋಡಿದರು. ಗಿರಿಜೆ ಹೆಚ್ಚು ಆಸಕ್ತಿಯಿಂದ ನೋಡಿದಳು.

"ಇಲ್ಲಮ್ಮ" ಎಂದೆ. "ಇದು ನಾನು ಬಿಸಾಕಿದ್ದು."