ಕಲ್ ಎಂದರೆ ನಿನ್ನೆಯೋ ನಾಳೆಯೋ

ನನಗೆ ನೆನಪಿದೆ ಎಂಬ ಒಂದೇ ಕಾರಣಕ್ಕೆ ಒಂದು ಸಂಗತಿ ನಡೆದಿರಲೇಬೇಕೆಂದು ನಾನು ಎಂದೂ ವಾದಿಸುವುದಿಲ್ಲ. ಮೈಸೂರಿನಲ್ಲಿ ತತ್ವಶಾಸ್ತ್ರದ ಎಂ.ಎ. ಓದಿದ್ದರಿಂದ ನನಗಾದ ಲಾಭ ಇದೊಂದೇ. ಉಳಿದವರು ಓದಿ ಏನನ್ನಾದರೂ ತಿಳಿದುಕೊಂಡು ಬಂದರೆ, ನಾನು ತಿಳಿದಿದ್ದನ್ನೂ ಅನುಮಾನಿಸುವುದನ್ನು ಕಲಿತು ಬಂದೆ. ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ “ಗುಬ್ಬಿ ಬಸ್ ಹೋಯ್ತಾ ಸಾರ್” ಎಂದು ಕೇಳಿದರೆ, “ಗುಬ್ಬಿ ಎಂದು ಬೋರ್ಡಿದ್ದ ಒಂದು ಬಸ್ ಹೋದ ಹಾಗೆ ಕಂಡಿತು” ಎನ್ನುತ್ತೇನೆ. ಕೇಳಿದವರು ನನ್ನನ್ನೊಮ್ಮೆ ನೋಡಿ, ಪಕ್ಕದವರನ್ನು ಕೇಳಲು ಹೋಗುತ್ತಾರೆ. ಮನೆಯಲ್ಲಿ ಆ ಅನುಕೂಲವಿಲ್ಲ. ನನ್ನ ಹೆಂಡತಿ ವಿಮಲಾ “ಹಾಲು ಉಕ್ತಿದೆಯಾ ನೋಡ್ರೀ” ಎಂದರೆ, ನಾನು ನೋಡಿ, ಉಕ್ಕುವುದಕ್ಕೂ ಉಕ್ಕುವಂತೆ ತೋರುವುದಕ್ಕೂ ಇರುವ ವ್ಯತ್ಯಾಸವನ್ನು ಯೋಚಿಸಿ ಬಾಯಿ ತೆರೆಯುವ ಹೊತ್ತಿಗೆ, ಹಾಲು ತನ್ನ ಉತ್ತರವನ್ನು ತಾನೇ ಒಲೆಗೆ ಕೊಟ್ಟಿರುತ್ತದೆ.

ಇಂಥ ನಾನು ಕೆಲವು ವರ್ಷಗಳ ಹಿಂದೆ ಟಿ.ವಿ.ಯಲ್ಲಿ ಬಂದ ಜಪಾನಿನ ಕಾರ್ಟೂನುಗಳ ಬಗ್ಗೆ ಮಾತ್ರ ಬಹಳ ಖಚಿತವಾದ ಅಭಿಪ್ರಾಯಗಳನ್ನು ಇಟ್ಟುಕೊಂಡಿದ್ದೇನೆ. ಉದಾಹರಣೆಗೆ, ಬಂದರಿನಲ್ಲಿ ಅಪ್ಪನಿಗಾಗಿ ಕಾಯುವ ಆ ಹುಡುಗಿಯ ಟೋಪಿ ನೀಲಿ ಬಣ್ಣದ್ದು. ಆಗಿನ ಟಿ.ವಿ. ಕಪ್ಪು ಬಿಳುಪಿನದು ಎಂದು ನೀವು ಆಕ್ಷೇಪಿಸಬಹುದು. ಆದರೆ ಅದು ನಮ್ಮ ಟಿ.ವಿ.ಯಲ್ಲ, ಪಕ್ಕದ ಮನೆಯ ಖಾದರ್ ಸಾಹೇಬರದು. ತಗಡಿನ ಟ್ರಂಕುಗಳನ್ನು ಮಾಡಿ ಮಾರುವ ಸಾಹೇಬರು ಟ್ರಂಕುಗಳ ಮೇಲೆ ಗುಲಾಬಿ ಹೂ ಬರೆಸಿ ಬರೆಸಿ ಬಣ್ಣಕ್ಕೆ ಒಗ್ಗಿಹೋಗಿದ್ದರು. ಬಣ್ಣವಿಲ್ಲದ ಟಿ.ವಿ.ಯನ್ನು ಸಹಿಸಲಾರದೆ ಅದರ ಗಾಜಿನ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಕಟ್ಟಿದ್ದರು. ಆಗ ಅದು ಎಲ್ಲ ಕಡೆ ಸಿಗುತ್ತಿತ್ತು. ಮೇಲೆ ನೀಲಿ, ನಡುವೆ ಕಿತ್ತಳೆ, ಕೆಳಗೆ ಹಸಿರು. ಆಕಾಶ, ಮನುಷ್ಯ, ಹುಲ್ಲು ಎಂದು ಲೆಕ್ಕ. ಎಲ್ಲರೂ ನಿಂತೇ ಇದ್ದರೆ ಸರಿಹೋಗುತ್ತಿತ್ತು. ಹುಡುಗಿ ದುಃಖದಿಂದ ನೆಲದ ಮೇಲೆ ಕೂತಳೆಂದರೆ ಮುಖವೆಲ್ಲ ಹಸಿರಾಗುತ್ತಿತ್ತು. ಅವಳಿಗೆ ಒಳಗೊಳಗೇ ಏನೋ ಕಾಯಿಲೆಯಿದೆ ಎಂದು ನಾನು ಬಹಳ ದಿನ ನಂಬಿದ್ದೆ.

ಆ ದಿನಗಳಲ್ಲಿ ಭಾನುವಾರ ಬೆಳಿಗ್ಗೆ ಇಂಥ ಮೂರು ಕಾರ್ಟೂನುಗಳು ಒಂದರ ಬೆನ್ನಿಗೊಂದು ಬರುತ್ತಿದ್ದವು. ಮೊದಲನೆಯದರಲ್ಲಿ ಒಬ್ಬ ಕಬ್ಬಿಣದ ವೀರ. ಅವನು ಶತ್ರುವಿನ ಮೇಲೆ ಹಾರಿ, ನಡುಗಾಳಿಯಲ್ಲಿ ನಿಂತು, ತಾನು ಯಾಕೆ ಹಾರಿದೆ, ಹಾರುವ ಮುಂಚೆ ಮನಸ್ಸಿನಲ್ಲಿ ಏನಿತ್ತು ಎಂಬುದನ್ನೆಲ್ಲ ವಿವರಿಸಿ ಆಮೇಲೆ ಇಳಿಯುತ್ತಿದ್ದ. ಶತ್ರು ಅಲ್ಲಿಯವರೆಗೂ ಕತ್ತಿ ಎತ್ತಿಕೊಂಡು ವಿನಯದಿಂದ ಕೇಳುತ್ತಿದ್ದ. ತರ್ಕಶಾಸ್ತ್ರ ಪಾಠ ಮಾಡುವ ನನಗೆ ಆ ಶತ್ರುವಿನ ಮೇಲೆ ಅಪಾರ ಗೌರವ ಬಂತು. ನನ್ನ ಕ್ಲಾಸಿನಲ್ಲಿ ಹಾಗೆ ಕೇಳುವವರು ಒಬ್ಬರೂ ಇರಲಿಲ್ಲ. ಎರಡನೆಯದು ಅಡುಗೆ ಮಾಡುವ ಕರಡಿ ಮರಿಯ ಕಥೆ. ವಾರ ವಾರವೂ ಅದು ಅನ್ನ ಬೇಯಿಸಿತು, ಹಬೆ ಸುರುಳಿ ಸುರುಳಿಯಾಗಿ ಎದ್ದಿತು, ಆದರೆ ಯಾರೂ ಉಂಡದ್ದನ್ನು ನಾನು ಕಾಣೆ. ಮೂರನೆಯದೇ ಬಂದರಿನ ಹುಡುಗಿ. ಅಪ್ಪ ಹಡಗಿನ ಮೇಲೆ ಹೋಗಿದ್ದಾನೆ, ಅವಳು ಕಾಯುತ್ತಾಳೆ. ಕಥೆ ಅಷ್ಟೇ. ಅವಳ ಮುಖದಲ್ಲಿ ಕಣ್ಣಿಗೇ ಜಾಗವೆಲ್ಲ ಹೋಗಿ ಮೂಗಿಗೆ ಒಂದು ಚುಕ್ಕಿಯಷ್ಟೂ ಉಳಿದಿರಲಿಲ್ಲ. ಕಥೆ ಮುಂದೆ ಹೋಗಬೇಕಾದಾಗ ಮೋಡ ಮುಂದೆ ಹೋಗುತ್ತಿತ್ತು. ಒಂದು ಎಲೆ ಬೀಳಲು ಹೊರಟರೆ ಸಾಹೇಬರು ಎದ್ದು ಹೋಗಿ ಮುಖ ತೊಳೆದು ಬರುವಷ್ಟು ಹೊತ್ತು ಬೀಳುತ್ತಿತ್ತು. ಇದೇನು ಸೋಮಾರಿತನ ಎಂದು ನಾನು ಮೊದಮೊದಲು ಗೊಣಗಿದೆ. ಆಮೇಲೆ ಯಾವಾಗಲೋ ಆ ಮೋಡಗಳ ಜೊತೆ ನಾನೂ ಹೊರಟುಬಿಟ್ಟೆ. ಕಾಲೇಜಿನಲ್ಲಿ ಹಾಜರಿ ಕೂಗುತ್ತಾ ಕಿಟಕಿಯಾಚೆ ನೋಡುತ್ತಿದ್ದೆ. ಹುಡುಗರು ಒಬ್ಬರ ಹೆಸರಿಗೆ ಇನ್ನೊಬ್ಬರು ‘ಎಸ್ಸಾರ್’ ಎಂದದ್ದು ನನಗೆ ತಿಳಿಯಲೇ ಇಲ್ಲ.

ಮಾತೆಲ್ಲ ಹಿಂದಿಯಲ್ಲಿತ್ತು. ಅದನ್ನು ಕನ್ನಡಕ್ಕೆ ತರುತ್ತಿದ್ದವರು ಸಾಹೇಬರ ಹೆಂಡತಿ ಜುಬೇದಮ್ಮ. ಮನೆಯೊಳಗೆ ಉರ್ದು ಆಡುವ ಅವರು ಡೆಲ್ಲಿಯವರ ಹಿಂದಿಯನ್ನು ದೂರದ ಬಡ ನೆಂಟರಂತೆ ಕಾಣುತ್ತಿದ್ದರು. ಹುಡುಗಿ ಸಮುದ್ರದ ಕಡೆ ತಿರುಗಿ ಒಂದು ಉದ್ದನೆಯ ಮಾತಾಡಿ ಮುಗಿಸಿದಳು ಎನ್ನಿ. ನಾನೂ ವಿಮಲಾಳೂ ಜುಬೇದಮ್ಮನ ಕಡೆ ತಿರುಗುತ್ತಿದ್ದೆವು.

“ಅಪ್ಪ ಯಾವಾಗ ಬತ್ತಾನೆ ಅಂತ ಕೇಳ್ತಾವ್ಳೆ,” ಎನ್ನುತ್ತಿದ್ದರು.

“ಅಷ್ಟು ಹೊತ್ತು ಮಾತಾಡಿದಳಲ್ಲ ಜುಬೇದಮ್ಮ?”

“ಮಿಕ್ಕಿದ್ದೆಲ್ಲ ಅಳು ಮೇಷ್ಟ್ರೇ. ಅಳೂನೂ ಕನ್ನಡಕ್ಕೆ ಹಾಕ್ಬೇಕಾ?”

ಆ ಹುಡುಗಿಯ ಕಥೆ ಅರ್ಧ ದಾರಿಗೆ ಬಂದಾಗ ವಿಮಲಾ ಹೆರಿಗೆಗೆಂದು ಗುಬ್ಬಿಯ ತವರಿಗೆ ಹೋಗಬೇಕಾಯಿತು. ಹಿಂದೊಮ್ಮೆ ನಮಗೆ ಕೈಗೆ ಬಂದ ಮಗು ಉಳಿದಿರಲಿಲ್ಲ. ಅದರ ಮಾತನ್ನು ನಾವಿಬ್ಬರೂ ಎತ್ತುತ್ತಿರಲಿಲ್ಲ. ಗುಬ್ಬಿಯಲ್ಲಿ ಅವರ ಮನೆಯ ಹತ್ತಿರ ಎಲ್ಲೂ ಟಿ.ವಿ. ಇರಲಿಲ್ಲ. ಹೊರಡುವ ದಿನ ಅವಳು ಬ್ಯಾಗಿನ ಜಿಪ್ಪು ಎಳೆಯುತ್ತಾ, ನನ್ನ ಮುಖ ನೋಡದೆ ಹೇಳಿದಳು.

“ಪ್ರತಿ ವಾರ ಬಂದು ಆ ಹುಡ್ಗಿ ಕಥೆ ಹೇಳ್ಬೇಕು. ಅವಳಪ್ಪ ಬಂದ್ರೆ ನಮ್ದೂ ಸರಿಹೋಗುತ್ತೆ ಅಂತ ಅಂದ್ಕೊಂಡ್ಬಿಟ್ಟಿದೀನಿ.”

ಜಪಾನಿನ ನಾವಿಕನಿಗೂ ಗುಬ್ಬಿಯ ಹೆರಿಗೆಗೂ ಕಾರ್ಯಕಾರಣ ಸಂಬಂಧವಿಲ್ಲವೆಂದು ನಾನು ತಿಳಿಸಿಕೊಟ್ಟೆ. ಅವಳು ಪೂರ್ತಿ ಕೇಳಿಸಿಕೊಂಡು, “ಗೊತ್ತು. ಆದ್ರೂ ಅಂದ್ಕೊಂಡ್ಬಿಟ್ಟಿದೀನಿ,” ಎಂದಳು. ಅಂದುಕೊಂಡುಬಿಟ್ಟಿದ್ದರ ವಿರುದ್ಧ ನನ್ನ ಶಾಸ್ತ್ರದಲ್ಲಿ ಯಾವ ಉಪಾಯವೂ ಇಲ್ಲ.

ಹೀಗೆ ನನ್ನ ಭಾನುವಾರಗಳು ಶುರುವಾದವು. ಬೆಳಿಗ್ಗೆ ಜುಬೇದಮ್ಮನ ಹಜಾರ, ಆಮೇಲೆ ಗುಬ್ಬಿ ಬಸ್ಸು. ಕಿಟಕಿಯ ಪಕ್ಕ ಕೂತು ನೋಡಿದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಕಾರ್ಟೂನಿನಲ್ಲಿ ಯಾರಾದರೂ ಓಡಿದರೆ ಹಿಂದೆ ಅದೇ ಮರ ಮತ್ತೆ ಮತ್ತೆ ಬರುತ್ತಿತ್ತು. ಗುಬ್ಬಿ ದಾರಿಯಲ್ಲೂ ಅದೇ ತೆಂಗಿನ ಮರ, ಅದೇ ಬೇಲಿ, ಅದೇ ಎಮ್ಮೆ ಮತ್ತೆ ಮತ್ತೆ ಬರುತ್ತಿದ್ದವು. ಬಸ್ಸು ನಿಂತಲ್ಲೇ ಇದ್ದು ಯಾರೋ ಹಿಂದಿನ ಚಿತ್ರವನ್ನು ಎಳೆಯುತ್ತಿದ್ದಾರೆಯೇ ಎಂಬ ಅನುಮಾನ ಬರುತ್ತಿತ್ತು. ಮೇಲೆ ಮೋಡಗಳು ಆ ಬಂದರಿನ ಮೋಡಗಳ ಹಾಗೆಯೇ ಅವಸರವಿಲ್ಲದೆ ನಡೆದಿರುತ್ತಿದ್ದವು. ಕಂಡಕ್ಟರ್ ಬಂದು ‘ಎಲ್ಲಿಗೆ’ ಎಂದರೆ ಊರಿನ ಹೆಸರು ನೆನಪಾಗಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. ಜಪಾನಿನವರು ಬರೆದದ್ದು, ಡೆಲ್ಲಿಯವರು ಹಿಂದಿಗೆ ತಂದದ್ದು, ಜುಬೇದಮ್ಮ ಅಳು ಕಳೆದು ಕೊಟ್ಟದ್ದು, ನಾನು ಬಸ್ಸಿನಲ್ಲಿ ಕುಲುಕಿಸಿಕೊಂಡು ಒಯ್ದದ್ದು, ಕೊನೆಗೆ ಗುಬ್ಬಿಯ ಒಂದು ಮಂಚದ ಮೇಲೆ ದಿಂಬಿಗೊರಗಿದ ಒಬ್ಬಳ ಕಿವಿಗೆ ಬೀಳುತ್ತಿತ್ತು. ಅವಳು ಕೇಳುತ್ತಿದ್ದುದು ಒಂದೇ ಪ್ರಶ್ನೆ. “ಹಡಗು ಕಾಣಿಸ್ತಾ?” ನಾನು ನಿಷ್ಠೆಯಿಂದ, “ಹಡಗಿನಂತೆ ಒಂದು ಚುಕ್ಕಿ ಕಂಡಿತು, ಮೀನುಗಾರರ ದೋಣಿಯೂ ಇರಬಹುದು,” ಎನ್ನುತ್ತಿದ್ದೆ. ಅವಳ ಮುಖ ಸಣ್ಣಗಾಗುತ್ತಿತ್ತು.

ಕೊನೆಯ ಕಂತಿನ ಭಾನುವಾರ ಬಂತು. ಡಾಕ್ಟರು ಹೇಳಿದ ದಿನವೂ ಹತ್ತಿರದಲ್ಲೇ ಇತ್ತು. ಹಜಾರದಲ್ಲಿ ಸಾಹೇಬರು, ಜುಬೇದಮ್ಮ, ನಾನು. ತೆರೆಯ ಮೇಲೆ ಮಂಜು, ಬಂದರು. ಹುಡುಗಿ ನೀಲಿ ಟೋಪಿಯೊಳಗಿಂದ ಒಬ್ಬ ಮುದುಕ ನಾವಿಕನನ್ನು ಏನೋ ಕೇಳಿದಳು. ಮುದುಕ ಬಾಯಿಂದ ಪೈಪು ತೆಗೆದ. ಸಮುದ್ರ ನೋಡಿದ. ಒಂದು ಹಕ್ಕಿ ಹೋಯಿತು. “ತುಮ್ಹಾರೇ ಪಿತಾಜೀ ಕಲ್...” ಎಂದ. ಕರೆಂಟು ಹೋಯಿತು.

ನಾವು ಮೂವರೂ ಕಪ್ಪಾದ ಗಾಜನ್ನು ನೋಡುತ್ತಾ ಕೂತೆವು.

“ಅವಳಪ್ಪ ನಿನ್ನೆ ಬಂದ ಅಂದ,” ಎಂದರು ಜುಬೇದಮ್ಮ. “ನಮ್ಮ ಮನೇಲಿ ಕಲ್ ಅಂದ್ರೆ ನಿನ್ನೆ. ನಾಳೆಗೆ ನಾವು ಬೇರೆ ಮಾತು ಹೇಳ್ತೀವಿ.”

“ಅವ ನಿಮ್ಮ ಮನೆಯವ್ನೇನೇ?” ಎಂದರು ಸಾಹೇಬರು. “ನಾನು ಬಾಂಬೆ ನೋಡಿದವ್ನು ಕಣೇ. ಅಲ್ಲಿ ನಾಳೆಗೂ ಕಲ್ಲೇ. ನಾಳೆ ಬತ್ತಾನೆ ಅಂದವ್ನೆ.”

“ನೀವು ಬಾಂಬೆಗೆ ಹೋಗಿದ್ದು ಮದುವೆಗೆ ಮುಂಚೆ. ಎರಡು ದಿನ ಇದ್ದು ಹೊಟ್ಟೆ ಕೆಟ್ಟು ಬಂದ್ರಿ.”

ಮುಂದಿನ ಕ್ರಿಯಾಪದ ಕೇಳದೆ ಯಾವುದನ್ನೂ ಹೇಳುವಂತಿಲ್ಲ ಎಂದು ನಾನೆಂದೆ. ಕ್ರಿಯಾಪದವನ್ನು ವಾಕ್ಯದ ಕೊನೆಗೆ ಇಡುವ ನಮ್ಮ ದೇಶದ ಭಾಷೆಗಳಿಗೆ ಇಂಥ ಕರೆಂಟು ಸಲ್ಲದು ಎಂದೂ ಸೇರಿಸಿದೆ. ಜುಬೇದಮ್ಮ ಮೆಲ್ಲಗೆ, “ಪಾಪ, ವಿಮಲಮ್ಮ ಕಾಯ್ತಿರ್ತಾಳೆ,” ಎಂದರು. ಬಸ್ಸಿಗೆ ಹೊತ್ತಾಗಿತ್ತು. ನಾನು ಎದ್ದೆ.

ಗುಬ್ಬಿಯಲ್ಲಿ ನಾನು ಚಪ್ಪಲಿ ಬಿಡುವ ಮುಂಚೆಯೇ ವಿಮಲಾ, “ಬಂದನಾ?” ಎಂದಳು. ನಾನು ನಡೆದದ್ದನ್ನು ನಡೆದ ಹಾಗೆಯೇ ಹೇಳಿದೆ. ಮುದುಕ ನಾವಿಕ, ಹಕ್ಕಿ, ಆಮೇಲೆ ಅವನು ‘ಕಲ್’ ಎಂದದ್ದು, ಕರೆಂಟು ಹೋದದ್ದು. ಆ ಪದಕ್ಕೆ ಎರಡರ್ಥ ಎಂಬ ಪೀಠಿಕೆ ಹಾಕುವಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಮಜ್ಜಿಗೆ ಲೋಟ ಹಿಡಿದು ಬಂದರು.

“ಕಲ್ಲು ಅಂದ್ನಾ ಅಳೀಮಯ್ಯ?” ಎಂದರು. “ಅಯ್ಯೋ ಶಿವನೇ. ಹಡಗು ಕಲ್ಲಿಗೆ ಬಡೀತು ಅನ್ನು.”

ಎರಡರ್ಥವಿದ್ದ ಪದಕ್ಕೆ ಗುಬ್ಬಿಯಲ್ಲಿ ಮೂರನೆಯದೊಂದು ಸಿಕ್ಕಿತು. ಅದು ಹಿಂದಿ, ಕಲ್ಲಲ್ಲ ಎಂದು ನಾನು ಬಿಡಿಸಿ ಹೇಳಿದೆ. ಅತ್ತೆ ಒಪ್ಪಲಿಲ್ಲ. “ಯಾವ ಭಾಷೆಯಾದ್ರೇನು, ಸಮುದ್ರದಲ್ಲಿ ಕಲ್ಲು ಇರಾಕಿಲ್ವಾ?” ಎಂದರು. ವಿಮಲಾ ದಿಂಬಿನ ಅಂಚನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು. ಅವಳ ತುಟಿಯ ಬಣ್ಣ ಹೋಗಿತ್ತು. ಆ ಮನೆಯಲ್ಲಿ ಯಾವ ಪ್ಲಾಸ್ಟಿಕ್ ಹಾಳೆಯೂ ಇರಲಿಲ್ಲ, ನಾನು ಕಂಡದ್ದು ನಿಜವಾದ ಮುಖ.

“ಬಂದ,” ಎಂದೆ.

ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು.

“ಕರೆಂಟ್ ಹೋಯ್ತು ಅಂದ್ರಲ್ಲ?” ಎಂದಳು ವಿಮಲಾ.

“ಹೋಯ್ತು. ಆಮೇಲೆ ಬಂತು. ಅವನೂ ಬಂದ.”

“ಮೈಕೈ ಚೆನ್ನಾಗಿತ್ತಾ?” ಎಂದರು ಅತ್ತೆ.

“ಗಡ್ಡ ಬಂದಿತ್ತು. ನೆನೆದಿತ್ತು. ಹಡಗಿನ ಹಲಗೆಯ ಮೇಲಿಂದ ದಡಕ್ಕೆ ಇಳಿಯುವಾಗ ಒಂದು ಕಾಲು ಸ್ವಲ್ಪ ಎಳೆದ. ಹುಡುಗಿ ಓಡಲಿಲ್ಲ. ಅಲ್ಲೇ ನಿಂತಳು. ಇವನೇ ಅವಳ ಟೋಪಿ ತೆಗೆದು ತಲೆ ಮುಟ್ಟಿದ.”

ನನ್ನ ಬಾಯಿಂದ ಹೊರಟದ್ದೆಲ್ಲ ನನ್ನ ಕಣ್ಣ ಮುಂದೆ ತೆರೆದುಕೊಳ್ಳುತ್ತಿತ್ತು. ಮಂಜು ಸರಿಯಿತು, ನೀರು ಹೊಳೆಯಿತು, ಹಡಗಿನ ಹಗ್ಗದ ತುದಿಯಿಂದ ಹನಿ ಬೀಳುತ್ತಿತ್ತು. ಅತ್ತೆ ನಿಂತಲ್ಲೇ ಕಣ್ಣೊರೆಸಿಕೊಂಡು ನನ್ನ ಮಜ್ಜಿಗೆಯನ್ನು ತಾವೇ ಕುಡಿದರು. ವಿಮಲಾ ನನ್ನನ್ನೇ ಬಹಳ ಹೊತ್ತು ನೋಡಿ, ದಿಂಬನ್ನು ಬಿಟ್ಟು, “ಊಟಕ್ಕೆ ಏಳಿ,” ಎಂದಳು. ಆ ವಾರ ನಮಗೆ ಮಗಳು ಹುಟ್ಟಿದಳು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ನಾವಿಕನಿಗೂ ಇದಕ್ಕೂ ಸಂಬಂಧವಿಲ್ಲವೆಂದು ನಾನು ಈಗಲೂ ಹೇಳುತ್ತೇನೆ, ಆದರೆ ಮುಂಚಿನಷ್ಟು ಜೋರಾಗಿ ಅಲ್ಲ.

ಮೊನ್ನೆ ಯಾವುದೋ ಮಾತಿಗೆ ವಿಮಲಾ, ಅವತ್ತು ನಾನು ಹೇಳಿದ ಒಂದಕ್ಷರವನ್ನೂ ತಾನು ನಂಬಿರಲಿಲ್ಲ ಎಂದಳು. “ನಾಳೆ ಬೆಳಗಾಗುತ್ತಾ ಅಂದ್ರೆ ಆಗಬಹುದು ಅನ್ನೋರು ನೀವು. ನನಗೋಸ್ಕರ ಗಡ್ಡ ಸಮೇತ ಸುಳ್ಳು ಹೇಳೋಕೆ ಒದ್ದಾಡ್ತಿದ್ರಲ್ಲ, ಅದನ್ನ ನೋಡಿ ಭಯ ಹೋಯ್ತು.” ಇದು ಹೊಗಳಿಕೆಯೆಂದು ತಿಳಿದು ಸುಮ್ಮನಿರಬಹುದಿತ್ತು. ತೊಂದರೆಯೆಂದರೆ, ಅದು ಸುಳ್ಳೆಂದು ನಾನು ಒಪ್ಪಲಾರೆ. ಆ ಗಡ್ಡ, ಆ ಹನಿ, ಆ ಕಾಲು ನನಗೆ ಸ್ಪಷ್ಟವಾಗಿ ನೆನಪಿವೆ. ಕರೆಂಟು ಮತ್ತೆ ಬಂದೇ ಇತ್ತು. ಜುಬೇದಮ್ಮನನ್ನು ಕೇಳಿದೆ. “ಬಂದಿರ್ಬೋದು ಮೇಷ್ಟ್ರೇ, ಯಾರಿಗೆ ಗ್ಯಾನ,” ಎಂದರು. ಮಾತಾಡುವ ರೀತಿಯಲ್ಲಿ ಅವರು ನನ್ನಂತಾಗಿದ್ದಾರೆ.

ಈಗ ಆ ಕಾರ್ಟೂನನ್ನು ಮತ್ತೆ ಹಾಕುತ್ತಿದ್ದಾರೆ. ನಮ್ಮ ಮನೆಗೂ ಟಿ.ವಿ. ಬಂದಿದೆ. ಮಗಳು ಕದಲದೆ ಅದರ ಮುಂದೆ ಕೂರುತ್ತಾಳೆ. ಕೊನೆಯ ಕಂತು ಬರುವ ಭಾನುವಾರ ನಾನು ಕುಣಿಗಲ್ಲಿನ ಅಣ್ಣನ ಮನೆಗೆ ಹೋಗುವುದೆಂದು ನಿಶ್ಚಯಿಸಿದ್ದೇನೆ. ಅಲ್ಲಿ ಏನು ಕೆಲಸ ಎಂದು ವಿಮಲಾ ಕೇಳಿದಳು. ಕೆರೆ ತುಂಬಿದೆಯಂತೆ, ನೋಡಬೇಕು ಎಂದೆ. “ಅಂತೆ ಅನ್ನೋದನ್ನ ಯಾವಾಗಿಂದ ನಂಬೋಕೆ ಶುರು ಮಾಡಿದ್ರಿ?” ಎಂದು ನಕ್ಕಳು. ಅಣ್ಣನ ಮನೆಯಲ್ಲಿ ಇನ್ನೂ ಟಿ.ವಿ. ಬಂದಿಲ್ಲ ಎಂಬುದೊಂದನ್ನು ಮಾತ್ರ, ಅಣ್ಣನನ್ನೂ ಅತ್ತಿಗೆಯನ್ನೂ ಬೇರೆ ಬೇರೆಯಾಗಿ ವಿಚಾರಿಸಿ, ಅನುಮಾನಕ್ಕೆ ಎಡೆಯಿಲ್ಲದಂತೆ ಖಚಿತಪಡಿಸಿಕೊಂಡಿದ್ದೇನೆ.