ಠಾಣೆಯೆದುರು ಮಾವನ ಉಭಯಕುಶಲೋಪರಿ

ನಮ್ಮ ಸೋದರಮಾವ ದೊಡ್ಡ ವಕೀಲರೆಂದರೆ ಹಾಸನದ ಕೋರ್ಟಿನ ಕಂಬಗಳೂ ನಗುತ್ತಿದ್ದವು. ಗೆದ್ದ ಮೊಕದ್ದಮೆ ಎಣಿಸಲು ಒಂದು ಕೈ ಸಾಕು. ಅದರಲ್ಲೂ ಬೆರಳು ಉಳಿಯುತ್ತಿತ್ತು. ಆದರೆ ಪ್ರಜಾಪ್ರಭುತ್ವವೆಂದರೆ ಪ್ರಾಣ. ಮನೆಯ ತಿಂಡಿಗೂ ಮತದಾನ!

"ಉಪ್ಪಿಟ್ಟು ಬೇಕಾದವರು ಕೈ ಎತ್ತಿ."

"ಎತ್ತಿದ ಕೈ ಹಾಗೇ ಬಂದು ಒಲೆ ಹಚ್ಚಲಿ" ಎನ್ನುವರು ಅತ್ತೆ. ಮಸೂದೆ ಅಲ್ಲಿಗೇ ಬಿದ್ದುಹೋಗುತ್ತಿತ್ತು.

ಚನ್ನರಾಯಪಟ್ಟಣದಲ್ಲಿ ಸಂತೆಯ ಜಗಳವೊಂದಕ್ಕೆ ಮನುಷ್ಯನ ಘನತೆಯ ಬಗ್ಗೆ ಮಧ್ಯಾಹ್ನದವರೆಗೂ ವಾದಿಸಿದರು. ಕೊನೆಗೆ ಕಕ್ಷಿದಾರನೇ ಕೈಮುಗಿದ: "ಸಾ, ತಪ್ಪಾಯ್ತು ಅಂತ ಒಪ್ಕಂಡಿದ್ರೆ ಇಷ್ಟೊತ್ಗೆ ಊರ್ ಸೇರ್ಕತಿದ್ದೆ."

ಇಂಥವರ ಬೆನ್ನಿಗೆ ಆ ದಿನ ಹೊರಟೆನಲ್ಲ, ನನಗೆ ಬುದ್ಧಿಯಿತ್ತೇ? ಬಿ.ಎ. ಇತ್ತು, ಅಷ್ಟೆ.

ಸ್ವಾತಂತ್ರ್ಯ ಬಂದಮೇಲಿನ ಎರಡನೆಯ ಚುನಾವಣೆ ಮುಗಿದ ವಾರ. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಮತಪೆಟ್ಟಿಗೆ. ಹಳ್ಳಿಮೈಸೂರಿನ ಕಡೆಯ ಕೂಲಿಯಾಳು ಕಾಳಯ್ಯ, ಪಟೇಲರು ಹೇಳಿದ ಪೆಟ್ಟಿಗೆ ಬಿಟ್ಟು ತನಗೆ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿದ್ದ. ಸಾಲದ್ದಕ್ಕೆ ಹಾಗೆಂದು ಹೇಳಿಕೊಂಡೂ ಇದ್ದ. ಮರುದಿನವೇ ತೆಂಗಿನಕಾಯಿ ಕದ್ದನೆಂದು ದೂರು. ಪೊಲೀಸರು ಎಳೆದೊಯ್ದರು. ಸುದ್ದಿ ಕೇಳಿ ಮಾವ ಬಸ್ಸು ಹತ್ತಿದರು; ಹಿಂದೆಯೇ ನಾನು.

ದಫೇದಾರ ನಮ್ಮನ್ನು ಠಾಣೆಯೊಳಗೆ ಬಿಡಲಿಲ್ಲ. ಮಾವ ಜಗಳವಾಡಲಿಲ್ಲ. ಎದುರಿನ ಸೈಕಲ್ ಅಂಗಡಿಯ ಬೆಂಚಿನಲ್ಲಿ ಕೂತು, ಮದುವೆಮನೆಯಲ್ಲಿ ಬೀಗರನ್ನು ವಿಚಾರಿಸುವಂತೆ ಕೂಗಿದರು: "ಕಾಳಯ್ಯನವರೇ, ಊಟ ಆಯ್ತೇ?"

ಒಳಗಿಂದ ಸಣ್ಣ ದನಿ: "ಇಲ್ಲ ಸಾ."

"ಏನು ಮಾವ ಇದು, ಬೀದಿಯಲ್ಲಿ" ಎಂದೆ.

"ಮಾತಾಡ್ತಿರೋನನ್ನ ಹೊಡೆಯೋದು ಕಷ್ಟ ಕಣೋ. ಬೀದಿಗೆ ಕೇಳಿಸುತ್ತೆ."

ಸೈಕಲ್ ಅಂಗಡಿಯವನು ನಕ್ಕ. "ಅವ್ನಿಗೂ 'ಅವರೇ' ಅಂತೀರಲ್ಲ ಸಾಮಿ?"

"ಪಟೇಲರಿಗೂ ಒಂದೇ ಓಟು, ಇವರಿಗೂ ಒಂದೇ. ಮರ್ಯಾದೆ ಮಾತ್ರ ಬೇರೆ ಯಾಕಪ್ಪ?"

ರಾಗಿ ಹೇಗೆ, ಮಗಳು ತೌರಿಗೆ ಬಂದಿದ್ದಳೇ, ಸೂರು ಸೋರುತ್ತದೆಯೇ? ಪ್ರಶ್ನೆಗಳು ಮುಗಿಯಲೇ ಇಲ್ಲ. ಜನ ನಗುತ್ತ ಸೇರಿದರು. ಪಟೇಲರ ಕಡೆಯವರು ದೊಣ್ಣೆ ಹಿಡಿದು ಬಂದು ನಮ್ಮ ಬೆನ್ನ ಹಿಂದೆ ನಿಂತರು.

"ಬಸ್ ಒಂಟೋಯ್ತದೆ, ಏಳಿ ವಕೀಲ್ರೇ. ಈ ಹೈದನ ಕಾಲು ಇನ್ನೂ ನೆಟ್ಟಗವೆ."

ಕಾಲು ನನ್ನದು! ಎರಡನ್ನೂ ಬೆಂಚಿನಡಿಗೆ ಎಳೆದುಕೊಂಡೆ. ಮಾವ ತಿರುಗಲಿಲ್ಲ.

"ಕಾಳಯ್ಯನವರೇ, ಎಮ್ಮೆ ಹಾಲು ಕೊಡ್ತಿದೆಯೇ?"

ಉತ್ತರವಿಲ್ಲ.

ಮತ್ತೆ ಕೂಗಿದರು. ಒಳಗೆ ಏನೋ ಧೊಪ್ಪನೆ ಬಿದ್ದ ಸದ್ದು. ಬೀದಿಯ ನಗು ನಿಂತಿತು. ಮೂರನೆಯ ಸಲ ಮಾವನ ದನಿ ಒಡೆದು, ಹೆಸರು ಅರ್ಧಕ್ಕೇ ಸಿಕ್ಕಿಕೊಂಡಿತು.

ಆಗ ಸೈಕಲ್ ಅಂಗಡಿಯವನು ಎದ್ದು ನಿಂತು ಕೂಗಿದ: "ಕಾಳಯ್ಯನೋರೇ!" ಆಮೇಲೆ ಬಳೆ ಮಾರುವಾಕೆ. ಆಮೇಲೆ ಬೀದಿಗೆ ಬೀದಿಯೇ. ನಾನೂ ಕೂಗಿದೆನಂತೆ; ನೆನಪಿಲ್ಲ. ಬೆನ್ನ ಹಿಂದಿನ ದೊಣ್ಣೆಗಳು ಒಂದೊಂದಾಗಿ ನೆಲಕ್ಕಿಳಿದ ಸದ್ದು ಮಾತ್ರ ಈಗಲೂ ಕಿವಿಯಲ್ಲಿದೆ.

ಎಷ್ಟೋ ಹೊತ್ತಿನ ಮೇಲೆ, ನೀರಿನಡಿಯಿಂದ ಬಂದಂಥ ದನಿ: "ಇಲ್ಲೇ ಇವ್ನಿ ಸಾ... ಎಮ್ಮೆ ಬತ್ತೋಗದೆ."

ಮಾವ ನನ್ನ ಕೈ ಹಿಡಿದುಕೊಂಡರು.

"ಇನ್ನು ಮಾತಾಡಬೇಡಿ ಕಾಳಯ್ಯನವರೇ" ಎಂದರು, ಮಗುವನ್ನು ಮಲಗಿಸುವವರಂತೆ. "ದಣಿವಾಗುತ್ತೆ. ನಾವೇ ಮಾತಾಡ್ತಿರ್ತೀವಿ."

ಪೊಲೀಸರು ಕಾಳಯ್ಯನನ್ನು ಹೊರಗೆ ತಂದು ಮ್ಯಾಜಿಸ್ಟ್ರೇಟರ ಬಳಿಗೆ ಕರೆದೊಯ್ಯುವವರೆಗೂ ಬೀದಿ ಮಾತಾಡುತ್ತಲೇ ಇತ್ತು.