ಬೀಗರು ಊರಿ ನೋಡಿದ ವಿಲಾಯತಿ ಛತ್ರಿ

ಟಿಳಕವಾಡಿ, ಬೆಳಗಾವಿ
ಶ್ರಾವಣ ಮಾಸ, ೧೯೨೬

ಲಂಡನ್ನಿನಲ್ಲಿ ಛತ್ರಿ ತಯಾರಿಸಿ ಸಮಸ್ತ ಭೂಮಂಡಲದ ತಲೆ ಕಾಯುತ್ತಿರುವ ಕಂಪನಿಯ ಮಾಲೀಕರಾದ ಮಾನ್ಯರೇ,

ಜಯಜಿನೇಂದ್ರ. ಇಲ್ಲಿ ನಾವೆಲ್ಲರೂ ಕ್ಷೇಮವಾಗಿದ್ದು, ತಮ್ಮ ಛತ್ರಿಯೊಂದೇ ಅಸ್ವಸ್ಥವಾಗಿದೆ ಎಂದು ವಿನಯಪೂರ್ವಕ ತಿಳಿಸುತ್ತೇನೆ.

ಪಂಚಮಿಗೆ ತವರಿಗೆ ಬಂದಿದ್ದ ನನ್ನ ಮಗಳು ಕಾಂತಾಳನ್ನು ಕರೆದೊಯ್ಯಲು ಅವಳ ಮಾವ ಪಾರೀಸಪ್ಪನವರು ಖಾನಾಪುರದಿಂದ ಬಂದಾಗ, ಬೀಗರನ್ನು ಬರಿಗೈಯಲ್ಲಿ ಕಳಿಸಬಾರದೆಂದು ತಮ್ಮ ಛತ್ರಿಯನ್ನು ಉಡುಗೊರೆ ಕೊಟ್ಟು, ‘ಕೈಯಲ್ಲಿರುವುದೇ ತಿಳಿಯದಷ್ಟು ಹಗುರ’ ಎಂಬ ತಮ್ಮ ಜಾಹೀರಾತನ್ನೂ ಭಕ್ತಿಯಿಂದ ಓದಿ ಹೇಳಿದೆ. ‘ಕೈಯಾಗ ಐತೋ ಇಲ್ಲೋ ತಿಳೀದ ವಸ್ತು ಯಾಕ ಬೇಕ್ರಿ ಬೀಗರ?’ ಎಂದರು ಅವರು.

ತಮ್ಮಲ್ಲಿ ತೆಳ್ಳಗೆ ಸುತ್ತಿಕೊಂಡ ಛತ್ರಿಗೆ ಮರ್ಯಾದೆಯಂತೆ, ಫ್ರಾನ್ಸಿನವರು ಹಿಡಿಯ ಕುಸುರಿಗೆ ಮರುಳಾಗುತ್ತಾರಂತೆ. ಖಾನಾಪುರದವರು ಮಾತ್ರ ಛತ್ರಿಯನ್ನು ಬಿಚ್ಚುವ ಮೊದಲೇ ನೆಲಕ್ಕೆ ಊರಿ, ಮೈಭಾರವನ್ನೆಲ್ಲ ಹಾಕಿ ನೋಡುತ್ತಾರೆ, ಏಕೆಂದರೆ ಅಲ್ಲಿ ಛತ್ರಿಯೆಂದರೆ ಮಳೆಗೆ ಸೂರು, ಕೆಸರಿಗೆ ಊರುಗೋಲು, ನಾಯಿಗೆ ಬಡಿಗೆ. ಪಾರೀಸಪ್ಪನವರದು ಹೋಳಿಗೆ-ತುಪ್ಪ ಉಂಡು ಬೆಳೆದ ಮೈ. ತಮ್ಮ ಛತ್ರಿ ಅವರಿಗೆ ಎಷ್ಟು ವಿನಯದಿಂದ ಬಾಗಿತೆಂದರೆ ಮತ್ತೆ ಏಳಲೇ ಇಲ್ಲ. ಬೀಗರೂ ಅದರ ಜೊತೆಗೇ ನೆಲ ಹಿಡಿದರು. ಅಡುಗೆಮನೆಯಲ್ಲಿ ನನ್ನ ಹೆಂಡತಿ ಸುಂದರಾಬಾಯಿ ನಕ್ಕದ್ದು ಪಡಸಾಲೆಗೆ ಕೇಳಿಸಿತು.

‘ಛತ್ರಿನ ಇಷ್ಟ ಹಗೂರ ಇದ್ದರ, ನೀವು ನಮಗ ಕೊಡೂ ಮಾನ ಎಷ್ಟ ಹಗೂರ ಇದ್ದೀತು’ ಎಂದು, ಸೊಸೆಯನ್ನು ಬಿಟ್ಟು ಒಬ್ಬರೇ ಸಂಜೆಯ ರೈಲು ಹತ್ತುವುದಾಗಿ ಮುಖ ಊದಿಸಿಕೊಂಡಿದ್ದಾರೆ. ಕಾಂತಾ ಗಂಟು ಕಟ್ಟಿಕೊಂಡು ಬಾಗಿಲ ಬಳಿ ಅಳುತ್ತ ಕುಳಿತಿದ್ದಾಳೆ.

ಆದ್ದರಿಂದ ತಾವು ಮುಂದಿನ ಹಡಗಿನಲ್ಲೇ ದಯಮಾಡಿಸಿ, ಹಗುರವೆಂಬುದು ತಮ್ಮಲ್ಲಿ ಗೌರವವೇ ಎಂದು ಬೀಗರಿಗೆ ಮನವರಿಕೆ ಮಾಡಿಕೊಡಬೇಕು. ಆಗದಿದ್ದರೆ ಪಾರೀಸಪ್ಪನವರಷ್ಟು ತೂಕದ ಅಧಿಕಾರಿಯೊಬ್ಬನನ್ನು ಕಾರ್ಖಾನೆಯಲ್ಲಿ ನೇಮಿಸಿ, ಅವನು ಊರಿ ನೋಡಿಯೂ ಬಾಗದ ಛತ್ರಿಯನ್ನಷ್ಟೇ ಹಡಗು ಹತ್ತಿಸಬೇಕು. ಅದೂ ಆಗದಿದ್ದರೆ ಈ ಛತ್ರಿಗೆ ಒಪ್ಪುವಂಥ ಲಂಡನ್ನಿನ ತುಂತುರು ಮಳೆಯನ್ನಾದರೂ ಖಾನಾಪುರಕ್ಕೆ ಕಳುಹಿಸಿಕೊಡಬೇಕು.

ಇಷ್ಟಾದರೂ ತಮ್ಮ ವಿಶ್ವಾಸಿ,
ಭೂಪಾಲ ಪಾಯಪ್ಪ

ತಾ.ಕ.: ಈ ಪತ್ರವನ್ನು ಅಂಚೆಗೆ ಹಾಕುವಷ್ಟರಲ್ಲಿ, ಬೀಗರು ಅದೇ ಮುನಿಸಿನಲ್ಲಿ ಹೋಗಿ, ತಮ್ಮ ಛತ್ರಿ ಬಂದಿದ್ದ ದೇವದಾರು ಪೆಟ್ಟಿಗೆಯ ಮೇಲೆ ಕುಳಿತರು. ಅದು ಕಿರ್ ಎನ್ನಲಿಲ್ಲ. ಎದ್ದು ಮತ್ತೊಮ್ಮೆ ಜೋರಾಗಿ ಕುಳಿತು, ‘ಮಾಲ ಅಂದ್ರ ಇದು ನೋಡ್ರಿ ಬೀಗರ’ ಎಂದು ನಕ್ಕು, ಪೆಟ್ಟಿಗೆಯನ್ನೂ ಕಾಂತಾಳನ್ನೂ ರೈಲು ಹತ್ತಿಸಿಕೊಂಡು ಹೋದರು. ಇನ್ನು ಮುಂದೆ ತಾವು ಪೆಟ್ಟಿಗೆಗಳನ್ನಷ್ಟೇ ಕಳುಹಿಸಬೇಕು. ಛತ್ರಿಗಳು ತಮ್ಮಲ್ಲೇ ಸುಖವಾಗಿರಲಿ.